ಚಿಕ್ಕ ಮಕ್ಕಳ ಜೊತೆ ಸೇಬಿನ ತೋಟಕ್ಕೆ: ಶ್ರೀನಿವಾಸಪುರದಿಂದ ಬರೀತಿದ್ದೀನಿ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರಿನಲ್ಲಿ ಆಪಲ್ ಪಿಕಿಂಗ್‌ಗೆ, ಅಂದರೆ ದುಡ್ಡು ಕೊಟ್ಟು ತೋಟದಲ್ಲಿ ನಾವೇ ಸೇಬು ಕೀಳೋಕೆ ಹೋಗೋ ಮಾತು ಶುರುವಾಗಿದೆ. ಈ ವರ್ಷ ಹೊಸದಾಗಿ ಬಾಸ್ಟನ್ ಕಡೆಗೆ ಬಂದವರು ಯಾವ ವಾರ ಒಳ್ಳೇದು, ಎರಡು ಮೂರು ವರ್ಷದ ಮಕ್ಕಳಿಗೆ ಸರಿಹೋಗುತ್ತಾ ಅಂತ ಕೇಳಿದ್ದಾರೆ. ನಾನೀಗ ರಜೆಗೆ ಊರಿಗೆ ಬಂದು, ಶ್ರೀನಿವಾಸಪುರದ ಹತ್ತಿರ ಅಪ್ಪನ ತೋಟದ ಮನೆಯಲ್ಲಿದ್ದೀನಿ. ತೋತಾಪುರಿ ಮಾವಿನ ಕಟಾವು ಕೊನೇ ಹಂತದಲ್ಲಿದೆ, ಹೊರಗೆ ಕ್ರೇಟ್ ತುಂಬೋ ಸದ್ದು ಕೇಳ್ತಾನೇ ಇದೆ. ಹಾಗಾಗಿ ಹಣ್ಣಿನ ವಿಷಯ ಬರೆಯೋಕೆ ಇದಕ್ಕಿಂತ ಒಳ್ಳೇ ಜಾಗ ಸಿಗಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮಕ್ಕಳು ತಮ್ಮ ಕೈಯಾರೆ ಹಣ್ಣು ಕೀಳಬೇಕು, ಅದನ್ನ ಬೆಳೆಯೋರು ಯಾರೋ ಇದ್ದಾರೆ ಅಂತ ಅವರಿಗೆ ಕಾಣಬೇಕು. ಪ್ಲಾನ್ ಎಲ್ಲಾ ಅದಕ್ಕೆ ತಕ್ಕ ಹಾಗೆ ಮಾಡೋಣ.

ವಾರದ ವಿಷಯ. ಬಾಸ್ಟನ್ ಇರೋ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೂ ಸೇಬು ಇರುತ್ತೆ, ಆದರೆ ಎಲ್ಲಾ ತಳಿನೂ ಒಟ್ಟಿಗೆ ಬರಲ್ಲ. ನಮ್ಮಲ್ಲಿ ಬಾದಾಮಿ, ರಸಪುರಿ ಮುಗಿದ ಮೇಲೆ ತೋತಾಪುರಿ, ನೀಲಂ ಬರುತ್ತಲ್ಲ, ಅಲ್ಲೂ ಹಾಗೇ ಸರದಿ. ಮೊದಲು ಮೆಕಿಂಟಾಷ್, ಗಾಲಾ, ಸೆಪ್ಟೆಂಬರ್ ಮಧ್ಯದಲ್ಲಿ ಹನಿಕ್ರಿಸ್ಪ್, ಕಾರ್ಟ್‌ಲ್ಯಾಂಡ್, ಆಮೇಲೆ ಎಂಪೈರ್, ಗೋಲ್ಡನ್ ಡೆಲಿಷಿಯಸ್, ಅಕ್ಟೋಬರಿನಲ್ಲಿ ಫ್ಯೂಜಿ. ಮಕ್ಕಳು ಕೇಳೋದು ಹನಿಕ್ರಿಸ್ಪ್ ಒಂದನ್ನೇ. ಮಿನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ತಳಿ ಅದು, ಕಚ್ಚಿದರೆ ರಸ ಚಿಮ್ಮುತ್ತೆ, ಮರದಲ್ಲಿ ಬೇಗ ಖಾಲಿಯೂ ಆಗುತ್ತೆ. ಅದಕ್ಕೇ ಸೆಪ್ಟೆಂಬರ್ ಮೂರನೇ ವಾರ ಅಂತ ನಾನು ಹೇಳೋದು. ಗೌರಿ ಗಣೇಶ, ಪಿತೃಪಕ್ಷ, ದಸರಾ ಎಲ್ಲಾ ಆಸುಪಾಸಲ್ಲೇ ಬರೋದರಿಂದ ಮನೆಯಲ್ಲಿ ಪಂಚಾಂಗ ನೋಡಿ ಹೇಳಿ. ಅಕ್ಟೋಬರಿನಲ್ಲಿ ಸೋಮವಾರವೂ ರಜೆ ಇರೋ ಕೊಲಂಬಸ್ ಡೇ ವಾರಾಂತ್ಯ ಮಾತ್ರ ಬೇಡವೇ ಬೇಡ, ಕಾರು ನಿಲ್ಲಿಸೋಕೇ ಅರ್ಧ ದಿನ ಹೋಗುತ್ತೆ.

ಹೊರಡೋ ಹಿಂದಿನ ದಿನ ತೋಟಕ್ಕೆ ಫೋನ್ ಮಾಡಿ, ಯಾವ ಸಾಲಿನಲ್ಲಿ ಏನಿದೆ ಅಂತ ಕೇಳಲೇಬೇಕು. 2023ರ ಮೇ ತಿಂಗಳಲ್ಲಿ ಒಂದೇ ರಾತ್ರಿಯ ಕೊರೆಯೋ ಚಳಿಗೆ ನ್ಯೂ ಇಂಗ್ಲೆಂಡಿನ (ಮ್ಯಾಸಚೂಸೆಟ್ಸ್ ಮತ್ತು ಅಕ್ಕಪಕ್ಕದ ರಾಜ್ಯಗಳ) ಎಷ್ಟೋ ತೋಟಗಳಲ್ಲಿ ಹೂವು ಹೀಚು ಸುಟ್ಟುಹೋಗಿ, ಆ ವರ್ಷ ಕೆಲವರು ಪಿಕಿಂಗ್‌ಗೆ ಬಾಗಿಲೇ ತೆರೆಯಲಿಲ್ಲ.

ಜಾಗ ಹೇಳೋದಾದರೆ ಸ್ಟೋ, ಬೋಲ್ಟನ್, ಹಾರ್ವರ್ಡ್ ಊರುಗಳ ಸುತ್ತ ತೋಟಗಳು ಬೇಕಾದಷ್ಟಿವೆ. ಇದು ವಿಶ್ವವಿದ್ಯಾಲಯ ಇರೋ ಹಾರ್ವರ್ಡ್ ಅಲ್ಲ, ಅದೇ ಹೆಸರಿನ ಹಳ್ಳಿ. ಗಾಳಿ ತುಂಬಿದ ಜಾರುಬಂಡೆ, ಮ್ಯೂಸಿಕ್, ಪ್ರತಿಯೊಂದಕ್ಕೂ ಬೇರೆ ಟಿಕೆಟ್ ಇರೋ ದೊಡ್ಡ ಫಾರ್ಮ್‌ಗಳಿಗೆ ಹೋಗೋದು ನನಗೆ ಇಷ್ಟ ಇಲ್ಲ. ಮಕ್ಕಳು ಅದರಲ್ಲೇ ಮುಳುಗಿ ಮರದ ಕಡೆ ತಿರುಗಿಯೂ ನೋಡಲ್ಲ. ಬರೀ ತೋಟ, ಒಂದು ಟ್ರ್ಯಾಕ್ಟರ್ ಸವಾರಿ, ಒಂದು ಅಂಗಡಿ ಇರೋ ಕಡೆ ಸಾಕು. ಮರಗಳು ಗಿಡ್ಡ ಇದಾವಾ ಅಂತ ಕೇಳಿಕೊಳ್ಳಿ, ಇದು ಮುಖ್ಯ. ಹಳೇ ಕಾಲದ ಎತ್ತರದ ಮರಗಳಾದರೆ ಕೀಳೋದು ಅಪ್ಪ ಅಮ್ಮ, ಮಕ್ಕಳು ಕೆಳಗೆ ನಿಂತು ಅಳೋದು.

ಅಪ್ಪ ನಮ್ಮ ಮನೆಗೆ ಬಂದಿದ್ದಾಗ ಅಂಥಾ ಗಿಡ್ಡ ಮರದ ತೋಟಕ್ಕೆ ಕರಕೊಂಡು ಹೋಗಿದ್ವಿ. ಎಲ್ಲರೂ ಹಣ್ಣು ನೋಡ್ತಿದ್ದರೆ ಅವರು ಬುಡದ ಹತ್ತಿರ ಕುಕ್ಕರಗಾಲಲ್ಲಿ ಕೂತು ಹುಲ್ಲು ಸರಿಸಿದರು. ನೆಲದಿಂದ ಒಂದು ಗೇಣು ಮೇಲೆ ಕಾಂಡದಲ್ಲಿ ದಪ್ಪ ಗಂಟು ಇತ್ತು. ಮಗಳ ಬೆರಳು ಹಿಡಿದು ಅದರ ಮೇಲೆ ಇಡಿಸಿ, "ನೋಡಮ್ಮ, ಇಲ್ಲಿಂದ ಕೆಳಗೆ ಒಂದು ಗಿಡ, ಮೇಲೆ ಇನ್ನೊಂದು ಗಿಡ. ತಾತನ ಮಾವಿಗೂ ಹಿಂಗೇ ಕಸಿ ಕಟ್ಟೋದು" ಅಂದರು. ಮರ ಗಿಡ್ಡ ಆಗೋದು ಆ ಕೆಳಗಿನ ಬೇರುಗಿಡದಿಂದಲೇ. ಎಂ9 ಅನ್ನೋದು ಅದರಲ್ಲಿ ತುಂಬಾ ಬಳಕೆಯಲ್ಲಿರೋದು. ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಿದ್ದರೆ ದಯವಿಟ್ಟು ಕರಕೊಂಡು ಬನ್ನಿ. ಗುಬ್ಬಿ ತಿಪಟೂರು ಕಡೆ ತೆಂಗಿನ ತೋಟ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಚಪ್ಪರ ನೋಡಿಕೊಂಡವರು ಅವರು. ಅಪಾರ್ಟ್‌ಮೆಂಟಿನಲ್ಲಿ ಸುಮ್ಮನೆ ಕೂತಿರೋರು ತೋಟದಲ್ಲಿ ಮಾತಾಡೋಕೆ ಶುರು ಮಾಡ್ತಾರೆ. ಬೆಳಿಗ್ಗೆ ಚಳಿ ಇರುತ್ತೆ, ಅವರಿಗೊಂದು ಸ್ವೆಟರ್, ಒಂದು ಮಡಚೋ ಕುರ್ಚಿ ಇಟ್ಟುಕೊಳ್ಳಿ.

ಕೀಳೋ ರೀತಿಯನ್ನ ಕಾರಿನಲ್ಲಿ ಹೋಗ್ತಾನೇ ಮಕ್ಕಳಿಗೆ ಹೇಳಿಕೊಡಿ. ಜಗ್ಗಬಾರದು. ಅಂಗೈಯಲ್ಲಿ ಹಣ್ಣು ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುಗಿಸಿದರೆ ತೊಟ್ಟಿನ ಸಮೇತ ಬರುತ್ತೆ. ತೊಟ್ಟು ಕೂತಿರೋ ಆ ಗಿಡ್ಡ ಕಡ್ಡಿಯಲ್ಲೇ ಮುಂದಿನ ವರ್ಷದ ಮೊಗ್ಗೂ ಇರುತ್ತೆ, ಜಗ್ಗಿದರೆ ಅದೂ ಕಿತ್ತು ಬರುತ್ತೆ. ಇಲ್ಲಿ ಮಗಳು ದೋಟಿಯಲ್ಲಿ ಮಾವು ಇಳಿಸೋದು, ಸೊನೆ ಮೈಗೆ ತಾಗದಿರಲಿ ಅಂತ ತೊಟ್ಟು ಕೆಳಗೆ ಮಾಡಿ ಇಡೋದು ಎಲ್ಲಾ ದಿನಾ ನೋಡ್ತಿದ್ದಾಳೆ. ಸೇಬಿಗೆ ಸೊನೆ ಇಲ್ಲ, ಆದರೆ ಬಿದ್ದರೆ ಪೆಟ್ಟಾಗಿ ಬೇಗ ಕೊಳೆಯುತ್ತೆ, ಬ್ಯಾಗಿಗೆ ಎಸೆಯೋದು ಬೇಡ. ಕೊಂಬೆಯ ಹೊರಗಡೆ, ಬಿಸಿಲು ಬೀಳೋ ಹಣ್ಣು ಮೊದಲು ಮಾಗುತ್ತೆ.

ಇನ್ನೊಂದು ಮಾತು ಮನಸ್ಸಿಗೆ ತುಂಬಾ ನಾಟಿರೋದು. ಪಿಕಿಂಗ್ ತೋಟಗಳಲ್ಲಿ ಒಂದು ಕಚ್ಚು ಕಚ್ಚಿ ಬಿಸಾಡಿದ ಹಣ್ಣು ಮರದ ಕೆಳಗೆಲ್ಲಾ ಬಿದ್ದಿರುತ್ತೆ. ದುಡ್ಡು ಕೊಟ್ಟಿದ್ದೀವಲ್ಲ ಅಂತ ದೊಡ್ಡವರೂ ಹಾಗೇ ಮಾಡ್ತಾರೆ. ನಮ್ಮ ಮಕ್ಕಳು ಹಾಗೆ ಮಾಡಬಾರದು. 2025ರ ಜೂನಿನಲ್ಲಿ ನಮ್ಮ ಕಡೆಯ ತೋತಾಪುರಿಯನ್ನ ಗಡಿಯಾಚೆಯ ಆಂಧ್ರಕ್ಕೆ ಬಿಡದೆ ಬೆಲೆ ಕುಸಿದು, ಶ್ರೀನಿವಾಸಪುರ ಬಂದ್ ಆಗಿದ್ದು ಕೋಲಾರದ ಕಡೆಯವರಿಗೆಲ್ಲಾ ಗೊತ್ತು. ಹಣ್ಣು ಹಾಳಾದರೆ ಬೆಳೆದವರ ಹೊಟ್ಟೆ ಎಷ್ಟು ಉರಿಯುತ್ತೆ ಅಂತ ನೋಡಿದವರು ನಾವು. ರುಚಿ ನೋಡಬೇಕಾದರೆ ಒಂದು ಕಿತ್ತು ಮನೆಯವರೆಲ್ಲಾ ಹಂಚಿಕೊಂಡು ತಿನ್ನೋಣ.

ತೀರಾ ಚಿಕ್ಕ ಮಕ್ಕಳಿರೋರು ಗಮನಿಸಿ. ನಾಲ್ಕು ವರ್ಷದೊಳಗಿನವರಿಗೆ ಹಸಿ ಸೇಬಿನ ಹೋಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ತುರಿದು ಕೊಡಿ, ಇಲ್ಲಾ ಮನೆಗೆ ಬಂದು ಬೇಯಿಸಿ ಕೊಡಿ. ನೆಲಕ್ಕೆ ಬಿದ್ದಿದ್ದನ್ನ ಆರಿಸೋದು ಬೇಡ, ಜಿಂಕೆಗಳು ಓಡಾಡೋ ಜಾಗ ಅದು, ಅವುಗಳ ಹಿಕ್ಕೆ ತಾಗಿರಬಹುದು. ಅಲ್ಲಿ ಹಳದಿ ಪಟ್ಟೆಯ ಕಣಜಗಳೂ ಮುತ್ತಿರುತ್ತವೆ. ಲೈಮ್ ಕಾಯಿಲೆ ಹರಡೋ ಉಣ್ಣಿ ಹುಲ್ಲಿನಲ್ಲಿರುತ್ತೆ, ಚಳಿಗಾಲದ ಮುಂಚೆ ಮತ್ತೆ ಚುರುಕಾಗುತ್ತೆ. ಉದ್ದ ಪ್ಯಾಂಟ್ ಹಾಕಿ, ಅದರ ತುದಿಯನ್ನ ಸಾಕ್ಸ್ ಒಳಗೆ ಸೇರಿಸಿ, ರಾತ್ರಿ ಸ್ನಾನ ಮಾಡಿಸುವಾಗ ಮೊಣಕಾಲಿನ ಹಿಂದೆ, ಕಂಕುಳು, ಕಿವಿಯ ಹಿಂದೆ ನೋಡಿ. ಸೈಡರ್ (ಹಿಂಡಿದ ಸೇಬಿನ ರಸ) ಕೊಳ್ಳುವಾಗ ಪಾಶ್ಚರೀಕರಿಸಿದ್ದೇ, ಅಂದರೆ ಬಿಸಿ ಮಾಡಿ ರೋಗಾಣು ಕೊಂದಿದ್ದೇ ಅಂತ ಲೇಬಲ್ ಓದಿ. ಸೈಡರ್ ಡೋನಟ್‌ಗೆ ಸಾಮಾನ್ಯವಾಗಿ ಮೊಟ್ಟೆ ಹಾಕಿರ್ತಾರೆ, ತಿನ್ನದವರು ಮೊದಲೇ ಕೇಳಿ. ಸ್ಟ್ರಾಲರ್ ಒದ್ದೆ ಹುಲ್ಲಿನಲ್ಲಿ ಉರುಳಲ್ಲ, ಕೂಸನ್ನ ಎದೆಗೆ ಕಟ್ಟಿಕೊಳ್ಳೋ ಕ್ಯಾರಿಯರ್ ತನ್ನಿ.

ಬ್ಯಾಗ್ ಚಿಕ್ಕದೇ ತಗೊಳ್ಳಿ. ಪೆಕ್ ಅಂದರೆ ಸುಮಾರು 10 ಪೌಂಡ್, ನಾಲ್ಕು ಜನರ ಮನೆಗೆ ಅದು ಧಾರಾಳ. ಅರ್ಧ ಬುಶೆಲ್ ಅಂದರೆ 20 ಪೌಂಡ್, ಫ್ರಿಜ್ಜಿನಲ್ಲಿ ಬೇರೇನೂ ಇಡೋಕೆ ಜಾಗ ಉಳಿಯಲ್ಲ. ಕಾರ್ಟ್‌ಲ್ಯಾಂಡ್ ಹೆಚ್ಚಿಟ್ಟರೂ ಬೇಗ ಕಪ್ಪಾಗಲ್ಲ, ಸ್ಕೂಲಿನ ಡಬ್ಬಿಗೆ ಅದೇ ಸರಿ. ಹುಳಿ ಇರೋದನ್ನ ತುರಿದು ಮಾವಿನಕಾಯಿ ಚಿತ್ರಾನ್ನದ ಒಗ್ಗರಣೆಯನ್ನೇ ಹಾಕಿ ನೋಡಿ, ಚೆನ್ನಾಗಿರುತ್ತೆ.

ತಾತನ ತೋಟದಲ್ಲಿ ಸೇಬು ಯಾಕಿಲ್ಲ ಅಂತ ನಿಮ್ಮ ಮಕ್ಕಳೂ ಕೇಳ್ತಾರೆ. ಆ ತಳಿಗಳಲ್ಲಿ ಹೆಚ್ಚಿನವಕ್ಕೆ ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಸುಮಾರು ಸಾವಿರ ಗಂಟೆ ಸಿಗಬೇಕು, ಆಗಲೇ ಮೊಗ್ಗು ಸರಿಯಾಗಿ ಒಡೆಯೋದು. ಕೋಲಾರದಲ್ಲಿ ಅಂಥಾ ಚಳಿ ಎಲ್ಲಿ? ಬಿಸಿಲು ತಡೆಯೋ ಎಚ್‌ಆರ್‌ಎಂಎನ್-99 ಅನ್ನೋ ತಳಿಯನ್ನ ಹಿಮಾಚಲದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ ಬೆಳೆಸಿದ್ದಾರೆ, ಅಪ್ಪ ಒಂದೆರಡು ಗಿಡ ಹಾಕಿ ನೋಡೋಣ ಅಂತಿದ್ದಾರೆ.

ಸೆಪ್ಟೆಂಬರ್ ಮೂರನೇ ಭಾನುವಾರ ಬೆಳಿಗ್ಗೆ ಗೇಟು ತೆರೆಯೋ ಹೊತ್ತಿಗೇ ಸೇರೋಣ, ಮಧ್ಯಾಹ್ನ ಮಕ್ಕಳ ನಿದ್ದೆ ಹೊತ್ತಿಗೆ ಮನೆ ಸೇರಿರಬಹುದು. ಐದಾರು ಮನೆಯವರಷ್ಟೇ ಆದರೆ ಒಳ್ಳೇದು. ಮಿಕ್ಕವರು ಮುಂದಿನ ವಾರಕ್ಕೆ ಇನ್ನೊಂದು ಗುಂಪು ಮಾಡಿ, ಬೇಕಾದರೆ ನಾನು ಅವರ ಜೊತೆಗೂ ಬರ್ತೀನಿ. ಕಾರಿಲ್ಲದವರನ್ನ ಕರಕೊಂಡು ಬರೋರು ಒಂದು ನೆನಪಿಡಿ: ಮ್ಯಾಸಚೂಸೆಟ್ಸ್‌ನಲ್ಲಿ ಎಂಟು ವರ್ಷ ತುಂಬೋವರೆಗೆ ಅಥವಾ 57 ಇಂಚು ದಾಟೋವರೆಗೆ ಮಕ್ಕಳಿಗೆ ಕಾರ್ ಸೀಟ್ ಕಡ್ಡಾಯ. ಯಾರ ಹತ್ತಿರ ಹೆಚ್ಚುವರಿ ಸೀಟ್ ಇದೆ ಹೇಳಿ. ಮೊಸರನ್ನ ನಾನು ತರ್ತೀನಿ, ಚಿತ್ರಾನ್ನ ಚಿಂತಾಮಣಿ ಅಕ್ಕ ಒಪ್ಪಿಕೊಂಡಿದ್ದಾರೆ. ಕಡ್ಲೇಕಾಯಿ ಬೀಜ ಆಗದ ಮಕ್ಕಳು ಇದ್ದರೆ ಈಗಲೇ ತಿಳಿಸಿ, ಅಕ್ಕ ಒಗ್ಗರಣೆಗೆ ಅದು ಹಾಕದೇ ಮಾಡ್ತಾರಂತೆ.