ಡಾಟ್ ಇನ್ ಹೆಸರು ಯಾರ ಕೈಯಲ್ಲಿದೆ? ಕರಾವಳಿ ಸಣ್ಣ ಉದ್ಯಮಿಗಳ ಗುಂಪಿನ ಪ್ರಶ್ನೋತ್ತರ

ಮಂಗಳೂರಿನಲ್ಲಿ ಡೊಮೈನ್ (ಜಾಲತಾಣದ ಹೆಸರು) ನೋಂದಣಿ, ಸರ್ವರ್ ನಿರ್ವಹಣೆ ಮಾಡುವ ಸದಸ್ಯೆ ಉತ್ತರಿಸಿದ್ದಾರೆ.

ಸುರತ್ಕಲ್: ಮೇಡಂ, ಬೇಕರಿಗೆ ಡಾಟ್ ಇನ್ ಸಾಕೇ, ಡಾಟ್ ಕಾಮ್ ಬೇಕೇ?

ಉತ್ತರ: ಗಿರಾಕಿಗಳು ಊರಿನವರಾದರೆ ಇನ್ ಧಾರಾಳ ಸಾಕು.

ಕಾರ್ಕಳ: ನಮ್ಮದು ಗೋಡಂಬಿ ಕಾರ್ಖಾನೆ. ಡಾಟ್ ಇನ್ ಜಾಲತಾಣ ಶುಕ್ರವಾರದಿಂದ ತೆರೆಯುತ್ತಿಲ್ಲ, ಇಮೇಲ್ ಕೂಡ ನಿಂತಿದೆ. ಮಾಡಿಕೊಟ್ಟ ಹುಡುಗ ದುಬೈಯಲ್ಲಿದ್ದಾನೆ, ನೋಂದಣಿಯೂ ಅವನ ಹೆಸರಿನಲ್ಲೇ ಇದೆ. ಹುಡುಕಿದರೆ ‘ರಿಡೆಂಪ್ಷನ್ ಪೀರಿಯಡ್’ ಎಂದು ತೋರಿಸುತ್ತದೆ.

ಮೂಡುಬಿದಿರೆ: ಫಾರ್ವರ್ಡ್ ಬಂದಿತ್ತು: ಮೊಬೈಲಿನ ಡಿಎನ್‌ಎಸ್‌ಗೆ 8.8.8.8 ಎಂದು ಹಾಕಿದರೆ ನಿಂತುಹೋದ ಜಾಲತಾಣವೂ ತೆರೆಯುತ್ತದಂತೆ.

ಉತ್ತರ: ಇಂಥದ್ದನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಡಿಎನ್‌ಎಸ್ ಎಂದರೆ ಹೆಸರು ಕೊಟ್ಟರೆ ಜಾಲತಾಣ ಎಲ್ಲಿದೆ ಎಂದು ಹುಡುಕಿಕೊಡುವ ವ್ಯವಸ್ಥೆ. 8.8.8.8 ಗೂಗಲ್ ನಡೆಸುವ ಅಂಥ ಸರ್ವರ್. ಅದೂ ಕೊನೆಗೆ ವಿಚಾರಿಸುವುದು ಡಾಟ್ ಇನ್ ನೋಂದಣಿಯ ಪಟ್ಟಿಯನ್ನೇ. ಕಾರ್ಕಳದವರ ಹೆಸರನ್ನು ಆ ಪಟ್ಟಿಯಿಂದಲೇ ಇಳಿಸಿದ್ದಾರೆ.

ಕಾರ್ಕಳದವರೇ, ನನಗೆ ಆತಂಕವಾಗುತ್ತಿರುವುದು ನಿಮ್ಮ ವಿಷಯದಲ್ಲಿ. ಅವಧಿ ಮುಗಿದು ಹೆಸರು ಅಳಿಸಿಹೋಗಿದೆ. ಅಳಿಸಿದ ದಿನದಿಂದ 30 ದಿನ ‘ರಿಡೆಂಪ್ಷನ್ ಪೀರಿಯಡ್’, ಅಂದರೆ ಹಳೆಯ ನೋಂದಣಿದಾರನಿಗೆ ಮಾತ್ರ ಅದನ್ನು ಮರಳಿ ಪಡೆಯುವ ಅವಕಾಶವಿದೆ. ಅದೂ ಹೆಸರು ನೋಂದಾಯಿಸಿಕೊಟ್ಟ ಅದೇ ರಿಜಿಸ್ಟ್ರಾರ್ ಕಂಪನಿಯ ಮೂಲಕ, ಹೆಚ್ಚುವರಿ ಶುಲ್ಕ ಕಟ್ಟಿ. ಆಮೇಲೆ 5 ದಿನ ‘ಪೆಂಡಿಂಗ್ ಡಿಲೀಟ್’, ಆಗ ಯಾರಿಗೂ ಸಿಗುವುದಿಲ್ಲ. ಬಳಿಕ ಯಾರು ಬೇಕಾದರೂ ಕೊಳ್ಳಬಹುದು. ಕೊಂಡವನು ನಿಮ್ಮ ಹಳೆಯ ಇಮೇಲ್ ವಿಳಾಸವನ್ನೇ ಮತ್ತೆ ತೆರೆದರೆ, ವ್ಯಾಪಾರಿಗಳು ಕಳುಹಿಸುವ ಆರ್ಡರ್ ಅವನಿಗೆ ಹೋಗುತ್ತದೆ, ಪಾಸ್‌ವರ್ಡ್ ಬದಲಿಸುವ ಕೊಂಡಿಗಳೂ ಹೋಗುತ್ತವೆ. ಆ ವಿಳಾಸ ಎಲ್ಲೆಲ್ಲಿ ಕೊಟ್ಟಿದ್ದೀರೋ, ಬ್ಯಾಂಕಿನಿಂದ ಹಿಡಿದು ಜಿಎಸ್‌ಟಿವರೆಗೆ, ಇಂದೇ ಬದಲಿಸಿ. ಹುಡುಗನಿಗೆ ಫೋನ್ ಮಾಡಿ. ರಿಜಿಸ್ಟ್ರಾರ್ ಖಾತೆಗೆ ಇದೇ ಡೊಮೈನಿನ ಇಮೇಲ್ ಕೊಟ್ಟಿದ್ದರೆ ಅವನಿಗೂ ಸಂದೇಶ ತಲುಪುವುದಿಲ್ಲ. ಗುರುತಿನ ದಾಖಲೆ ಕೊಟ್ಟು ಸಹಾಯವಾಣಿಯಲ್ಲಿ ಕೇಳಬೇಕಾದೀತು.

ಉಳ್ಳಾಲ: ಇನ್ ಸರ್ಕಾರದ್ದು, ಯಾವಾಗ ಬೇಕಾದರೂ ಕಿತ್ತುಕೊಳ್ಳುತ್ತಾರೆ. ಕಾಮ್ ಆಗಿದ್ದರೆ ಹೀಗಾಗುತ್ತಿರಲಿಲ್ಲ.

ಕುಂದಾಪುರ: ಹಣ ಕಟ್ಟದಿದ್ದರೆ ಕಾಮ್ ಕೂಡ ಹೋಗುತ್ತದೆ ಮಾರಾಯರೇ.

ಮಣಿಪಾಲ: ಕನ್ನಡ ಲಿಪಿಯ ‘.ಭಾರತ’ ಹೆಸರಿನಲ್ಲಿ ಇಮೇಲ್ ಎಲ್ಲ ಕಡೆಗೂ ಹೋಗುತ್ತದೆಯೇ?

ಉಳ್ಳಾಲ: ಕುಂದಾಪುರದವರು ಎಷ್ಟು ಜಾಲತಾಣ ನಡೆಸಿದ್ದಾರೆ?

ಕುಂದಾಪುರ: ನಿಮಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಉತ್ತರ: ಡಾಟ್ ಇನ್ ನೋಡಿಕೊಳ್ಳುವುದು ನಿಕ್ಸಿ. ಸರ್ಕಾರವೇ ಸ್ಥಾಪಿಸಿದ್ದು ನಿಜ, ಆದರೆ ಲಾಭರಹಿತ ಕಂಪನಿ. 2005ರಿಂದ ಈ ಹೆಸರುಗಳು ಎಲ್ಲರಿಗೂ ಮುಕ್ತವಾಗಿವೆ. ಹೆಸರಿನ ಮೇಲೆ ತಕರಾರಿದ್ದರೆ ಐಎನ್‌ಡಿಆರ್‌ಪಿ ಎಂಬ ಮಧ್ಯಸ್ಥಿಕೆ ಇದೆ. ಕಾರ್ಕಳದವರ ಹೆಸರನ್ನು ಯಾರೂ ಕಿತ್ತುಕೊಂಡಿಲ್ಲ, ನವೀಕರಣವಾಗಿಲ್ಲ ಅಷ್ಟೇ.

ಪಡುಬಿದ್ರಿ: ವಿಳಾಸದಲ್ಲಿ ‘ಬ್ಯಾಂಕ್ ಡಾಟ್ ಇನ್’ ಕಂಡರೆ ನಂಬಬಹುದೇ?

ಉತ್ತರ: ‘ಬ್ಯಾಂಕ್’ಗಿಂತ ಮೊದಲೂ ಒಂದು ಡಾಟ್ ಇದ್ದು, ಜಾಲತಾಣದ ಹೆಸರು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದೇ ಮುಗಿದಿದ್ದರೆ ಬ್ಯಾಂಕಿನದೇ, ಬೇರೆಯವರಿಗೆ ಅದನ್ನು ಕೊಡುವುದಿಲ್ಲ. ‘ಇನ್’ ಆದ ಮೇಲೆ ಡಾಟ್ ಇಟ್ಟು ಮತ್ತೇನೋ ಸೇರಿಸಿದ್ದರೆ ಮೋಸ.

ಬೈಂದೂರು: ಇನ್ ಒಳ್ಳೆಯದೋ ಕಾಮ್ ಒಳ್ಳೆಯದೋ?

ಉತ್ತರ: ಮೇಲೆ ಓದಿ.

ಕಾರ್ಕಳ: ಹುಡುಗ ಸಿಕ್ಕಿದ. ಹಳೆಯ ಬಾಕಿ ಕೊಡದೆ ಪಾಸ್‌ವರ್ಡ್ ಕೊಡುವುದಿಲ್ಲ ಎನ್ನುತ್ತಾನೆ.

ಉತ್ತರ: ಬಾಕಿ ನಿಜವಾಗಿದ್ದರೆ ಕೊಟ್ಟುಬಿಡಿ. ಹೆಸರನ್ನು ಅವನೇ ಮರಳಿ ಪಡೆದು, ಕಾರ್ಖಾನೆಯ ಹೆಸರಿಗೆ ವರ್ಗಾಯಿಸುವುದಾಗಿ ಇಮೇಲಿನಲ್ಲಿ ಬರೆದುಕೊಡಲಿ, ನಿಮ್ಮ ಬೇರೆ ವಿಳಾಸಕ್ಕೆ.

ಉಳ್ಳಾಲ: ಅದಕ್ಕೇ ಹೇಳಿದ್ದು, ಕಾಮ್...

ಉತ್ತರ: ಉಳ್ಳಾಲದವರೇ, ಸಾಕು. ಅವರ ಕೆಲಸ ಮೊದಲು ಮುಗಿಯಲಿ.