ತಮ್ಮಾ, ಘಾಟಿನ ಇಳಕಲು ಬರುವ ಮೊದಲೇ ಜಿಪಿಎಸ್ ಹೇಳಬೇಕು

ತಮ್ಮಾ, ಮನೆಯವರ ಗ್ರೂಪ್‌ನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. "ಅಕ್ಕಾ, ಗಾಡಿಗೆ ಗಾರ್ಮಿನ್ ಕಂಪನಿಯ ಜಿಪಿಎಸ್ ಸಾಧನ ತಗೊಂಡಿದ್ದೇನೆ. ಅನಮೋಡ ಘಾಟ್ ಬರುವ ಮೊದಲೇ ಅದು ಕೂಗಿ ಹೇಳುವ ಹಾಗೆ ಮಾಡಬಹುದಾ? ನೀನು ನಿನ್ನ ಗಾಡಿಯಲ್ಲಿ ಮಾಡಿಕೊಂಡಿದ್ದೀಯಲ್ಲ" ಅಂತ ಕೇಳಿದ್ದೆ. ಅದರ ಕೆಳಗೆ ಡೊಂಬಿವಲಿ ಕಾಕಾ "ಮೊಬೈಲ್ ಇರುವಾಗ ಇದೆಲ್ಲ ಯಾಕೆ" ಅಂತ ಬರೆದಿದ್ದಾರೆ. ಇಬ್ಬರಿಗೂ ಒಟ್ಟಿಗೇ ಹೇಳುತ್ತೇನೆ. ವಾಯ್ಸ್ ಮೆಸೇಜ್ ಕಳಿಸೋಣ ಅಂತಲೇ ಶುರು ಮಾಡಿದ್ದೆ. ಆದರೆ ಇದರಲ್ಲಿ ಅಂಕಿ, ಕಾಮಾ ಎಲ್ಲ ಬರುತ್ತವೆ. ಬರೆದಿಟ್ಟರೆ ನೀನು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತಾಗ ನೋಡುತ್ತಾ ಮಾಡಬಹುದು. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದು.

ಮೊದಲು ಕಾಕಾ ಅವರಿಗೆ. ಕಾಕಾ, ನೀವು ಹೇಳಿದ್ದು ಸರಿ, ಮೊಬೈಲ್‌ನಲ್ಲೂ ಜಿಪಿಎಸ್ ಇದೆ. ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದೆಯೂ ದಾರಿ ತೋರಿಸುತ್ತದೆ. ಆದರೆ ಫೋನ್ ಬಂದರೆ ಮ್ಯಾಪ್ ಹಿಂದೆ ಹೋಗುತ್ತದೆ, ಬಿಸಿಲಲ್ಲಿ ಇಟ್ಟರೆ ಕಾಯುತ್ತದೆ. ಮುಖ್ಯವಾಗಿ ನನಗೆ ಬೇಕಾದದ್ದು ಬೇರೆ. ನಾನು ಪುಣೆಯಿಂದ, ತಮ್ಮ ಗೋವಾದಿಂದ ಧಾರವಾಡದ ಮನೆಗೆ ಹೋಗುವ ದಾರಿಯಲ್ಲಿ ಯಾವ ಜಾಗ ಅಪಾಯದ್ದು ಅಂತ ನಮಗೆ ಗೊತ್ತು. ಆ ಜಾಗವನ್ನು ನಾವೇ ಗುರುತಿಡಬೇಕು. ಅಲ್ಲಿಗೆ ಇನ್ನೂ ಇಷ್ಟು ಮೀಟರ್ ಇದೆ ಅನ್ನುವಾಗ ಅದು ಎಚ್ಚರಿಸಬೇಕು. ಗಾರ್ಮಿನ್‌ನಲ್ಲಿ ಆ ಸೌಲಭ್ಯ ಚೆನ್ನಾಗಿದೆ.

ಈಗ ತಮ್ಮಾ, ನಿನಗೆ. ಗಾರ್ಮಿನ್‌ನವರು ಪಿಒಐ ಲೋಡರ್ ಅಂತ ಒಂದು ಸಾಫ್ಟ್‌ವೇರ್ ಕೊಡುತ್ತಾರೆ. ಪಿಒಐ ಅಂದರೆ ಪಾಯಿಂಟ್ ಆಫ್ ಇಂಟರೆಸ್ಟ್, ನಾವು ಗುರುತಿಡುವ ಜಾಗ. ದುಡ್ಡು ಕೊಡಬೇಕಾಗಿಲ್ಲ. ವಿಂಡೋಸ್‌ಗೂ ಇದೆ, ಮ್ಯಾಕ್‌ಗೂ ಇದೆ. ನಾವು ಜಾಗಗಳ ಪಟ್ಟಿ ಮಾಡಿ ಒಂದು ಫೈಲ್‌ನಲ್ಲಿ ಇಟ್ಟರೆ, ಅದು ಆ ಫೈಲನ್ನು ಜಿಪಿಎಸ್ ಒಳಗೆ ಹಾಕುತ್ತದೆ.

ಪಟ್ಟಿಯನ್ನು ಎಕ್ಸೆಲ್‌ನಲ್ಲೇ ಮಾಡು. ಒಂದು ಜಾಗಕ್ಕೆ ಒಂದು ಸಾಲು. ಮೊದಲ ಕಾಲಂನಲ್ಲಿ ರೇಖಾಂಶ, ಎರಡನೆಯದರಲ್ಲಿ ಅಕ್ಷಾಂಶ, ಮೂರನೆಯದರಲ್ಲಿ ಜಾಗದ ಹೆಸರು. ನಾಲ್ಕನೆಯದರಲ್ಲಿ ಬೇಕಿದ್ದರೆ ಒಂದು ಟಿಪ್ಪಣಿ. ಮೇಲೆ ತಲೆಬರಹದ ಸಾಲು ಬೇಡ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಚಿಕ್ಕದಾಗಿ ಬರಿ. ಆಮೇಲೆ ಸಿಎಸ್‌ವಿ ಅನ್ನುವ, ಕಾಲಂಗಳ ನಡುವೆ ಕಾಮಾ ಇರುವ ನಮೂನೆಯಲ್ಲಿ ಸೇವ್ ಮಾಡು.

ಇಲ್ಲೇ ಎಲ್ಲರೂ ತಪ್ಪುವುದು. ಗೂಗಲ್ ಮ್ಯಾಪ್‌ನಲ್ಲಿ ಒಂದು ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎರಡು ಅಂಕಿ ಬರುತ್ತವೆ. ಅದರಲ್ಲಿ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಗಾರ್ಮಿನ್‌ಗೆ ರೇಖಾಂಶ ಮೊದಲು ಬೇಕು. ಹಾಗಾಗಿ ಕಾಪಿ ಮಾಡಿ ಹಾಗೆಯೇ ಅಂಟಿಸಬೇಡ, ತಿರುವಿ ಹಾಕು. ನಿನ್ನ ದಾಬೋಳಿ ಸುಮಾರು 15.38, 73.83 ಅಂತ ಬರುತ್ತದೆ. ನೀನು 73.83 ಅನ್ನು ಮೊದಲ ಕಾಲಂಗೆ, 15.38 ಅನ್ನು ಎರಡನೆಯದಕ್ಕೆ ಹಾಕಬೇಕು. ಗೋವಾದಲ್ಲಿ ಮೊದಲ ಅಂಕಿ 73 ಇಲ್ಲವೇ 74, ನಮ್ಮ ಧಾರವಾಡದ ಹತ್ತಿರ 74 ಇಲ್ಲವೇ 75. ಎರಡನೆಯದು 15ರ ಆಸುಪಾಸು. ಕಣ್ಣಿಗೆ ಇಷ್ಟು ಅಭ್ಯಾಸ ಆದರೆ ಸಾಕು, ತಪ್ಪು ತಕ್ಷಣ ಕಾಣುತ್ತದೆ. ನಾನು ಮೊದಲ ಸಲ ಅದಲು ಬದಲು ಹಾಕಿದ್ದೆ. ನನ್ನ ಎಲ್ಲ ಜಾಗಗಳೂ ನಾರ್ವೆಯ ಉತ್ತರಕ್ಕೆ ಸಮುದ್ರದಲ್ಲಿ ಬಿದ್ದಿದ್ದವು. ಪುಣೆಯಿಂದ ಕೊಲ್ಹಾಪುರದವರೆಗೆ ಒಂದೂ ಶಬ್ದ ಬರಲಿಲ್ಲ.

ದಶಮಾಂಶದ ಮುಂದೆ ಐದು ಅಂಕಿ ಇರಲಿ. ಐದನೆಯ ಅಂಕಿ ಅಂದರೆ ನೆಲದ ಮೇಲೆ ಸುಮಾರು ಒಂದು ಮೀಟರ್, ಅದಕ್ಕಿಂತ ಜಾಸ್ತಿ ಬೇಕಾಗಿಲ್ಲ. ಗುರುತನ್ನು ರಸ್ತೆಯ ನಡುವೆಯೇ ಇಡು. ಪಕ್ಕದ ಹೋಟೆಲ್ ಮೇಲೋ ಗುಡಿಯ ಮೇಲೋ ಇಟ್ಟರೆ, ನೀನು ಹೋಗುತ್ತಿರುವ ರಸ್ತೆಗೂ ಅದಕ್ಕೂ ಸಂಬಂಧ ಇಲ್ಲ ಅಂತ ಸುಮ್ಮನಿರಬಹುದು. ರಸ್ತೆ ಎರಡು ಕಡೆ ಒಡೆದಿದ್ದರೆ ನೀನು ಹೋಗುವ ಬದಿಯಲ್ಲೇ ಇಡಬೇಕು.

ಇನ್ನು ದೂರ. ಇದನ್ನು ಲೆಕ್ಕ ಹಾಕಿಯೇ ಇಡಬೇಕು, ತಮ್ಮಾ. ಗಾಡಿ 90ರಲ್ಲಿ ಹೋಗುತ್ತಿದ್ದರೆ ಒಂದು ಸೆಕೆಂಡಿಗೆ 25 ಮೀಟರ್ ಸಾಗುತ್ತದೆ. 200 ಮೀಟರ್ ಇರುವಾಗ ಎಚ್ಚರಿಕೆ ಬಂದರೆ ನಿನ್ನ ಕೈಯಲ್ಲಿ ಇರುವುದು 8 ಸೆಕೆಂಡ್. ಹಿಂದೆ ಲಾರಿ ಇದೆಯಾ ಅಂತ ಕನ್ನಡಿ ನೋಡಿ, ನಿಧಾನ ಮಾಡಿ, ಗೇರ್ ಇಳಿಸಲು ಅದು ಸಾಲದು. ಹೆದ್ದಾರಿಯಲ್ಲಿ ನಾನು 600 ಮೀಟರ್ ಇಟ್ಟಿದ್ದೇನೆ, 24 ಸೆಕೆಂಡ್ ಸಿಗುತ್ತದೆ. ಘಾಟಿನಲ್ಲಿ ಹೇಗೂ 35, 40ರಲ್ಲಿ ಹೋಗುತ್ತೀಯ. ಅಲ್ಲಿ 300 ಸಾಕು.

ಒಂದು ಫೈಲ್‌ಗೆ ಒಂದೇ ದೂರ. ಅದಕ್ಕೇ ಹೆದ್ದಾರಿಗೆ ಬೇರೆ ಫೈಲ್, ಘಾಟಿಗೆ ಬೇರೆ ಫೈಲ್, ಊರೊಳಗಿನ ಜಾಗಗಳಿಗೆ ಬೇರೆ ಫೈಲ್ ಮಾಡು. ಮೂರನ್ನೂ ಒಂದೇ ಫೋಲ್ಡರ್‌ನಲ್ಲಿ ಇಡು. ಯಾಕೆಂದರೆ ಪಿಒಐ ಲೋಡರ್ ಪ್ರತಿ ಸಲ ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತದೆ. ನಾಳೆ ಒಂದೇ ಒಂದು ಜಾಗ ಸೇರಿಸಬೇಕು ಅಂತ ಅದೊಂದನ್ನೇ ಹಾಕಿದರೆ ಉಳಿದದ್ದೆಲ್ಲ ಹೋಗುತ್ತದೆ. ಯಾವಾಗಲೂ ಇಡೀ ಫೋಲ್ಡರನ್ನೇ ಕೊಡು.

ಜಿಪಿಎಸ್ಸನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವಾಗ ಡೇಟಾ ಹೋಗುವ ಕೇಬಲ್ ಬೇಕು. ಕೆಲವು ಕೇಬಲ್ ಬರೀ ಚಾರ್ಜಿಂಗ್‌ಗೆ ಇರುತ್ತವೆ, ಅದರಲ್ಲಿ ಸಾಧನ ಕಾಣುವುದೇ ಇಲ್ಲ. ಪಿಒಐ ಲೋಡರ್ ತೆರೆದ ಮೇಲೆ ಅಳತೆ ಕೇಳುತ್ತದೆ. ಮೀಟರ್, ಕಿಲೋಮೀಟರ್ ಆರಿಸು. ಫೂಟ್ ಅಂತ ಬಿಟ್ಟರೆ ನಿನ್ನ 600 ಅನ್ನುವುದು ಸುಮಾರು 180 ಮೀಟರ್‌ಗೆ ಇಳಿಯುತ್ತದೆ. ಎಕ್ಸ್‌ಪ್ರೆಸ್, ಮ್ಯಾನುಯಲ್ ಅಂತ ಎರಡು ದಾರಿ ತೋರಿಸಿದಾಗ ಮ್ಯಾನುಯಲ್ ಒತ್ತು. ಆಗಲೇ ಒಂದೊಂದು ಫೈಲ್‌ಗೂ ದೂರ ಎಷ್ಟು ಅಂತ ಕೇಳುವುದು. ಊರೊಳಗಿನ ಫೈಲ್‌ಗೆ ಇನ್ನೊಂದು ಅನುಕೂಲ ಇದೆ. ಜಾಗದ ಹೆಸರಿನ ಕೊನೆಗೆ @30 ಅಂತ ಸೇರಿಸಿ, ವೇಗದ ಎಚ್ಚರಿಕೆ ಅಂತ ಆರಿಸಿದರೆ, ನೀನು 30 ದಾಟಿದ್ದಾಗ ಮಾತ್ರ ಕೂಗುತ್ತದೆ. ಅಳ್ನಾವರದ ಶಾಲೆ ಹತ್ತಿರ ನಿಧಾನವಾಗಿಯೇ ಹೋಗುತ್ತಿದ್ದರೆ ಅದು ಮಾತಾಡುವುದಿಲ್ಲ. ಕೊನೆಗೆ ಜಿಪಿಎಸ್‌ನ ಸೆಟ್ಟಿಂಗ್‌ನಲ್ಲಿ ಪ್ರಾಕ್ಸಿಮಿಟಿ ಅಲರ್ಟ್, ಅಂದರೆ ಜಾಗ ಹತ್ತಿರ ಬಂದಾಗಿನ ಎಚ್ಚರಿಕೆ, ಆನ್ ಇದೆಯಾ ನೋಡಿಕೋ.

ಇಷ್ಟು ಮಾಡುವುದು ಕಷ್ಟ ಅಲ್ಲ, ಒಂದು ಗಂಟೆಯ ಕೆಲಸ. ಗುರುತು ಎಲ್ಲಿ ಇಡಬೇಕು ಅನ್ನುವುದಕ್ಕೇ ನಾನು ಒಂದು ವರ್ಷ ತಗೊಂಡೆ.

ಮೊದಲ ಸಲ 42 ಜಾಗ ಹಾಕಿದ್ದೆ. ಪ್ರತಿ ಟೋಲ್, ಪ್ರತಿ ಸೇತುವೆ, ಪ್ರತಿ ತಿರುವು. ಸಾತಾರಾ ಮುಟ್ಟುವಷ್ಟರಲ್ಲಿ ಅದು ಎಷ್ಟು ಸಲ ಕೂಗಿತೋ. ಕಿವಿ ಅದನ್ನು ಕೇಳುವುದನ್ನೇ ನಿಲ್ಲಿಸಿತ್ತು. ನಿಪ್ಪಾಣಿ ದಾಟಿ ತವಂದಿ ಘಾಟ್ ಬಂದಾಗ ಅದು ಕೂಗಿದೆ, ನಾನು ಗಮನಿಸಿಯೇ ಇಲ್ಲ. ಇಳಕಲಿನಲ್ಲಿ ಮುಂದಿದ್ದ ಕಬ್ಬಿನ ಟ್ರ್ಯಾಕ್ಟರ್‌ಗೆ ತೀರಾ ಹತ್ತಿರ ಹೋಗಿ ಬ್ರೇಕ್ ಒತ್ತಿದೆ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಆ ರಾತ್ರಿ ಧಾರವಾಡದ ಮನೆಯಲ್ಲಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು 33 ಜಾಗ ತೆಗೆದು ಹಾಕಿದೆ. ಈಗ ಒಂಬತ್ತೇ ಇವೆ. ಒಂಬತ್ತರಲ್ಲಿ ಯಾವುದು ಕೂಗಿದರೂ ಕಾಲು ತಾನಾಗಿಯೇ ಆಕ್ಸಿಲರೇಟರ್ ಬಿಡುತ್ತದೆ. ಕ್ಯಾಮೆರಾ ಇರುವ ಜಾಗ ಒಂದೂ ನನ್ನ ಪಟ್ಟಿಯಲ್ಲಿ ಇಲ್ಲ. ದಂಡ ತಪ್ಪಿಸುವುದಕ್ಕೆ ನಾನು ಇದನ್ನು ಮಾಡಿಲ್ಲ.

ಇನ್ನೊಂದು ಪಾಠ ಸುರಂಗದ್ದು. ಸಾತಾರಾ ಕಡೆಯಿಂದ ಪುಣೆಗೆ ಬರುವಾಗ ಹೊಸ ಕಾತ್ರಜ್ ಸುರಂಗ ದಾಟಿದರೆ ನವಲೆ ಸೇತುವೆಯವರೆಗೆ ಉದ್ದಕ್ಕೂ ಇಳಕಲು. ಅಲ್ಲಿ ಬ್ರೇಕ್ ಹಿಡಿಯದ ಲಾರಿಗಳಿಂದ ಎಷ್ಟು ಅಪಘಾತ ಆಗಿವೆ ಅಂತ ಪುಣೆಯಲ್ಲಿ ಇರುವವರಿಗೆಲ್ಲ ಗೊತ್ತು. ನಾನು ಗುರುತನ್ನು ಸುರಂಗದಿಂದ ಹೊರಬರುವ ಜಾಗದಲ್ಲಿ ಇಟ್ಟಿದ್ದೆ. ಎಚ್ಚರಿಕೆ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಕಾರಣ ಸರಳ. ಜಿಪಿಎಸ್‌ಗೆ ತಾನು ಎಲ್ಲಿದ್ದೇನೆ ಅಂತ ತಿಳಿಯಲು ಕಡಿಮೆ ಅಂದರೂ ನಾಲ್ಕು ಉಪಗ್ರಹ ಕಾಣಬೇಕು. ಅವು ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಗುಡ್ಡದ ಹೊಟ್ಟೆಯೊಳಗೆ ಆ ಸಿಗ್ನಲ್ ಬರುವುದಿಲ್ಲ. ಹೊರಗೆ ಬಂದ ಮೇಲೆ ಮತ್ತೆ ಹಿಡಿಯಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಗಾಡಿ ಇಳಕಲಿಗೆ ಬಿದ್ದಿರುತ್ತದೆ. ಈಗ ಗುರುತು ಸುರಂಗದ ಬಾಯಿಗಿಂತ ಮೊದಲೇ ಇದೆ. ಸುರಂಗದ ಒಳಗೇ ನಾನು ತಯಾರಾಗಿರುತ್ತೇನೆ.

ನಿನ್ನ ದಾರಿಯಲ್ಲಿ ಸುರಂಗ ಇಲ್ಲ, ಆದರೆ ಅನಮೋಡದ ತಿರುವುಗಳಿವೆ. ಅಲ್ಲಿ ಒಂದೊಂದು ತಿರುವಿಗೂ ಗುರುತು ಇಡಬೇಡ. ರಸ್ತೆ ಹಾವಿನ ಹಾಗೆ ಮಡಚಿಕೊಂಡಿರುತ್ತದೆ. ಮೇಲಿನ ಸುತ್ತು, ಕೆಳಗಿನ ಸುತ್ತು ಮ್ಯಾಪ್‌ನಲ್ಲಿ ಒಂದರ ಪಕ್ಕ ಒಂದು. ಎತ್ತರದ ವ್ಯತ್ಯಾಸ ಇದಕ್ಕೆ ಅಷ್ಟಾಗಿ ತಿಳಿಯುವುದಿಲ್ಲ. ಯಾವ ತಿರುವಿಗೆ ಕೂಗಿತು ಅಂತ ನಿನಗೇ ಗೊಂದಲ ಆಗುತ್ತದೆ. ದಟ್ಟ ಮರ, ಪಕ್ಕದಲ್ಲಿ ಕಡಿದಾದ ಗುಡ್ಡ ಇರುವ ಕಡೆ ಸ್ಥಾನ ಸ್ವಲ್ಪ ಆಚೀಚೆ ಆಗುವುದೂ ಉಂಟು. ಅದಕ್ಕೆ ಘಾಟ್ ಶುರುವಾಗುವ ಮೊದಲು ಒಂದು ಗುರುತು ಸಾಕು. ಧಾರವಾಡದಿಂದ ವಾಪಸ್ ಬರುವಾಗಿನದು ಮುಖ್ಯ, ಆಗಲೇ ಅಲ್ವಾ ಇಳಕಲು. ರಾಮನಗರ ದಾಟಿ ಬಂದು, ಇಳಿಯುವ ಮೊದಲು ಕರ್ನಾಟಕದ ಬದಿಯಲ್ಲೇ ಇಡು. ಎರಡನೆಯದು ಮೊಲ್ಲೆಂ ಹತ್ತಿರ, ಅಭಯಾರಣ್ಯದ ಒಳಗೆ ರಸ್ತೆ ಹೋಗುವ ಕಡೆ. ಕಾಡುಕೋಣ ಗೋವಾದ ರಾಜ್ಯಪ್ರಾಣಿ ಅಂತ ಮಕ್ಕಳ ಪುಸ್ತಕದಲ್ಲಿ ಓದುವುದು ಬೇರೆ, ಸಂಜೆಗತ್ತಲಲ್ಲಿ ಹೆಡ್‌ಲೈಟ್ ಮುಂದೆ ನಿಂತಿರುವುದನ್ನು ನೋಡುವುದು ಬೇರೆ. ಮೂರನೆಯದು ಘಾಟ್ ಹತ್ತುವ ಮೊದಲಿನ ಪೆಟ್ರೋಲ್ ಬಂಕ್. ನಾಲ್ಕನೆಯದು ಅಳ್ನಾವರದ ಶಾಲೆ. ನಿನಗೆ ಇಷ್ಟೇ ಸಾಕು ಅಂತ ನನ್ನ ಅಭಿಪ್ರಾಯ. ಬೆಳಗಾವಿ ಮೇಲೆ ಚೋರ್ಲಾ ಘಾಟಿನಿಂದ ಹೋಗುವ ದಿನಕ್ಕೆ ಅಲ್ಲಿಗೂ ಒಂದು ಸೇರಿಸು. ರಸ್ತೆ ಅಗಲ ಮಾಡಿದರೆ, ದಾರಿ ತಿರುಗಿಸಿದರೆ ಗುರುತನ್ನೂ ಬದಲಿಸಬೇಕು. ಪುಣೆ, ಸಾತಾರಾ ನಡುವಿನ ಖಂಬಾಟಕಿ ಘಾಟಿನಲ್ಲಿ ಹೊಸ ಸುರಂಗದ ಕೆಲಸ ಶುರುವಾದ ಮೇಲೆ ನಾನು ಪ್ರತಿ ಪ್ರಯಾಣಕ್ಕೂ ಮೊದಲು ಅಲ್ಲಿನ ಗುರುತು ಸರಿ ಇದೆಯಾ ಅಂತ ನೋಡುತ್ತೇನೆ.

ಹೊರಡುವ ಮೊದಲು ಮನೆ ಹತ್ತಿರ ಪರೀಕ್ಷೆ ಮಾಡು. ದಾಬೋಳಿ ವಿಮಾನ ನಿಲ್ದಾಣದ ಹತ್ತಿರದ ರಸ್ತೆಯಲ್ಲಿ ಒಂದು ಗುರುತು ಇಟ್ಟು ಹೋಗಿ ಬಾ. ಕೂಗಿದರೆ ಎಲ್ಲ ಸರಿ ಇದೆ ಅಂತ. ಆಮೇಲೆ ಅದನ್ನು ತೆಗೆದುಬಿಡು.

ಕೊನೆಯದಾಗಿ, ಇದನ್ನು ಯಾರಿಗೂ ಹೇಳಿರಲಿಲ್ಲ. ಪಿಒಐ ಲೋಡರ್‌ನಲ್ಲಿ ಎಚ್ಚರಿಕೆಗೆ ನಮ್ಮದೇ ಧ್ವನಿ ಹಾಕಬಹುದು. ಫೈಲ್‌ನ ಹೆಸರು ಏನಿದೆಯೋ ಅದೇ ಹೆಸರಿನ ಎಂಪಿ3 ಫೈಲನ್ನು ಅದೇ ಫೋಲ್ಡರ್‌ನಲ್ಲಿ ಇಟ್ಟರೆ ಆಯಿತು. ಬೀಪ್ ಬದಲು ಆ ಧ್ವನಿ ಬರುತ್ತದೆ. ನಾನು ಗಾಡಿ ಕಲಿತ ಹೊಸದರಲ್ಲಿ ಅಪ್ಪ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು, ನಿನಗೂ ನೆನಪಿರಬೇಕು. ಘಾಟ್ ಬರುವ ಮೊದಲೇ "ಇಳಕಲು ಬಂತು, ಗೇರ್ ಇಳಿಸವ್ವಾ" ಅನ್ನುತ್ತಿದ್ದರು. ಈಗ ಮೊಣಕಾಲು ನೋವಿನಿಂದ ಅವರು ಅಷ್ಟು ದೂರ ಕೂತು ಬರಲಾರರು. ಹೋದ ದೀಪಾವಳಿಗೆ ಬಂದಾಗ ಅದೇ ಮಾತನ್ನು ಅವರಿಂದ ಹೇಳಿಸಿ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ನನ್ನ ಘಾಟಿನ ಫೈಲ್‌ಗೆ ಅದೇ ಧ್ವನಿ. ಪ್ರತಿ ಸಲ ಕಾತ್ರಜ್ ಸುರಂಗದ ಮುಂದೆ ಅಪ್ಪ ಮಾತಾಡುತ್ತಾರೆ. ಅವರ ಮಾತನ್ನು ಕೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ.

ಅಪ್ಪಾ, ನೀವು ಈ ಗ್ರೂಪ್‌ನಲ್ಲಿ ಇದ್ದೀರಿ, ಓದುತ್ತಿರುತ್ತೀರಿ. ತಮ್ಮನಿಗೂ ಮೂರು ಮಾತು ಹೇಳಿ ಕಳಿಸಿ. ಒಂದು ಇಳಕಲಿನದು, ಒಂದು ಕಾಡುಕೋಣದ್ದು, ಒಂದು ಶಾಲೆಯದು. ಒಂದೊಂದೂ ನಾಲ್ಕೈದು ಸೆಕೆಂಡ್ ಇದ್ದರೆ ಸಾಕು. ಫ್ಯಾನ್ ನಿಲ್ಲಿಸಿ ಮಾತಾಡಿ. ವಾಟ್ಸಾಪ್‌ನ ಧ್ವನಿ ಎಂಪಿ3 ಆಗಿ ಬರುವುದಿಲ್ಲ, ನಾನು ಬದಲಿಸಿ, ಹೆಸರು ಹೊಂದಿಸಿ ತಮ್ಮನಿಗೆ ಕಳಿಸುತ್ತೇನೆ. ಪೆಟ್ರೋಲ್ ಬಂಕ್‌ಗೆ ಬೀಪ್ ಇರಲಿ.

ತಮ್ಮಾ, ನೀನು ಶನಿವಾರ ಬೆಳಿಗ್ಗೆ ಹೊರಡುವುದು ಅಂದೆಯಲ್ಲ. ನಾಳೆ ರಾತ್ರಿಯೊಳಗೆ ನಾಲ್ಕು ಜಾಗದ ಅಂಕಿ ನನಗೆ ಕಳಿಸು, ರೇಖಾಂಶ ಮೊದಲು ಇದೆಯಾ ಅಂತ ನಾನೂ ಒಮ್ಮೆ ನೋಡುತ್ತೇನೆ.