ಅಮೆರಿಕದ ‘ಪುಕ್ಕಟೆ ರಾಜಕೀಯ’: ನಮ್ಮ ಮನೆಮಂದಿ ಗುಂಪಿನಲ್ಲಿ ನಡೆದ ವಾದ

ಭಾನುವಾರ, ಬೆಳಗ್ಗೆ 7:40

ಶ್ರೀನಿವಾಸ ದೊಡ್ಡಪ್ಪ: (ವಿಡಿಯೋ. ಹಲವು ಬಾರಿ ಫಾರ್ವರ್ಡ್ ಆಗಿದೆ)
“ಪ್ರೋಗ್ರೆಸಿವ್ (ಪ್ರಗತಿಪರ) ಅನ್ನುವ ಹೊಸ ರೋಗ ಅಮೆರಿಕವನ್ನು ಹಾಳು ಮಾಡುತ್ತಿದೆ. ಕಾಲೇಜು ಹುಡುಗರು ಹುಟ್ಟುಹಾಕಿದ ರಾಜಕೀಯ ಇದು. ದುಡಿಯದವರಿಗೆ ಪುಕ್ಕಟೆ ಹಂಚುವುದೇ ಇದರ ಸಿದ್ಧಾಂತ. ಎಲ್ಲರಿಗೂ ಕಳಿಸಿ.”

ಶ್ರೀನಿವಾಸ ದೊಡ್ಡಪ್ಪ: ಎಲ್ಲರೂ ನೋಡಿ. ಕಾರ್ತಿಕ್, ನೀನು ಅಲ್ಲೇ ಇದ್ದೀಯಲ್ಲ, ಇದು ನಿಜ ಅಲ್ವಾ?

ಕಾರ್ತಿಕ್ (ಟೆಕ್ಸಸ್): ಪೂರ್ತಿ ನಿಜ ಅಲ್ಲ ದೊಡ್ಡಪ್ಪ. ಆದರೆ ಸುಳ್ಳು ಅಂತಲೂ ಹೇಳಲಾರೆ. ಇಲ್ಲಿ ಯಾವ ತೊಂದರೆ ಬಂದರೂ ಸರ್ಕಾರ ಒಂದು ಹೊಸ ಇಲಾಖೆ ತೆರೆಯಬೇಕು ಅನ್ನುವವರು ಬಹಳ ಜನ ಇದ್ದಾರೆ.

ವಿದ್ಯಾ: ದೊಡ್ಡಪ್ಪ, ‘ಹೊಸ ರೋಗ’ ಅನ್ನುವುದು ತಪ್ಪು. ಇದಕ್ಕೆ ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ. ವಿಸ್ಕಾನ್ಸಿನ್‌ನಲ್ಲಿ ರಾಬರ್ಟ್ ಲಾ ಫಾಲೆಟ್ ಗವರ್ನರ್ ಆಗಿದ್ದು 1901ರಲ್ಲಿ. ರೈಲು ಕಂಪನಿಗಳ ಹಿಡಿತದಿಂದ ರಾಜ್ಯವನ್ನು ಬಿಡಿಸಬೇಕು, ಪಕ್ಷದ ಅಭ್ಯರ್ಥಿಯನ್ನು ಮುಖಂಡರಲ್ಲ, ಮತದಾರರೇ ಆರಿಸಬೇಕು ಅಂತ ಹೋರಾಡಿದವರು ಅವರು. 1924ರಲ್ಲಿ ಪ್ರೋಗ್ರೆಸಿವ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಸೋತರೂ ದೇಶದಲ್ಲಿ ನೂರಕ್ಕೆ 16ಕ್ಕಿಂತ ಜಾಸ್ತಿ ಮತ ಬಂತು. ಇವರೆಲ್ಲ ಕಾಲೇಜು ಹುಡುಗರಲ್ಲ.

ವಿದ್ಯಾ: ಇನ್ನು ‘ದುಡಿಯದವರಿಗೆ’ ಅನ್ನುವ ಮಾತು. ಅದನ್ನು ಕೇಳಿ ನನಗೆ ನಿಜವಾಗಿ ನೋವಾಯಿತು. ಈ ರಾಜಕೀಯಕ್ಕೆ ಕಸುವು ಕೊಟ್ಟವರು ದುಡಿದು ದುಡಿದು ಸತ್ತವರು. 1911ರ ಮಾರ್ಚ್ 25, ನ್ಯೂಯಾರ್ಕ್. ಟ್ರಯಾಂಗಲ್ ಅನ್ನುವ ಬಟ್ಟೆ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಅದು ಇದ್ದದ್ದು 8, 9 ಮತ್ತು 10ನೇ ಮಹಡಿಯಲ್ಲಿ. ಅಗ್ನಿಶಾಮಕದವರ ಏಣಿ ಮುಟ್ಟಿದ್ದು 6ನೇ ಮಹಡಿಯವರೆಗೆ. 9ನೇ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. 146 ಜನ ಸತ್ತರು. ಹೆಚ್ಚಿನವರು ಯಹೂದಿ ಮತ್ತು ಇಟಲಿ ಕಡೆಯ ವಲಸೆ ಹೆಣ್ಣುಮಕ್ಕಳು. ಎಷ್ಟೋ ಜನ ಕಿಟಕಿಯಿಂದ ಹಾರಿದರು.

ಸುಧಾ ಚಿಕ್ಕಮ್ಮ: ಅಯ್ಯೋ ದೇವರೇ. ಒಳಗೆ ಜನ ಇರುವಾಗ ಬೀಗ ಯಾಕೆ ಹಾಕಿದ್ದರು?

ವಿದ್ಯಾ: ಬಟ್ಟೆ ಕದಿಯುತ್ತಾರೆ ಅನ್ನುವ ಅನುಮಾನ ಚಿಕ್ಕಮ್ಮ. ಎಲ್ಲರೂ ಒಂದೇ ಬಾಗಿಲಲ್ಲಿ ಹೋಗಬೇಕು, ಅಲ್ಲಿ ಕೈಚೀಲ ತಪಾಸಣೆ. ಇನ್ನೊಂದು ವಿಷಯ ಕೇಳಿ. ಇದೇ ಹುಡುಗಿಯರು 1909ರಲ್ಲಿ ಮುಷ್ಕರ ಮಾಡಿದ್ದರು. ನಗರದ ಸಾವಿರಾರು ಹೊಲಿಗೆ ಹುಡುಗಿಯರು ಬೀದಿಗೆ ಇಳಿದಿದ್ದರು. ಆದರೆ ಟ್ರಯಾಂಗಲ್ ಮಾಲೀಕರು ಯೂನಿಯನ್ ಒಪ್ಪಲಿಲ್ಲ. ಬೆಂಕಿಯ ನಂತರ ಅವರ ಮೇಲೆ ಕೇಸು ನಡೆಯಿತು. ಅದೇ ಡಿಸೆಂಬರ್‌ನಲ್ಲಿ ಖುಲಾಸೆ ಆದರು.

ಶ್ರೀನಿವಾಸ ದೊಡ್ಡಪ್ಪ: ಪುಟ್ಟಿ, ಅದು ಘೋರ. ಯಾರೂ ಅಲ್ಲ ಅನ್ನುವುದಿಲ್ಲ. ಆದರೆ ಬಾಗಿಲಿಗೆ ಬೀಗ ಹಾಕಬಾರದು ಅನ್ನುವುದಕ್ಕೆ ಪ್ರೋಗ್ರೆಸಿವ್ ಯಾಕೆ ಬೇಕು? ಅದು ಸಾಮಾನ್ಯ ಬುದ್ಧಿ. ಅಂಥ ಕಾನೂನು ಬೇಡ ಅಂತ ಯಾರು ಹೇಳುತ್ತಾರೆ?

ವಿದ್ಯಾ: ಹೇಳಿದರು ದೊಡ್ಡಪ್ಪ, ಸುಪ್ರೀಂ ಕೋರ್ಟೇ ಹೇಳಿತು. ಬೇಕರಿ ಕೆಲಸಗಾರರನ್ನು ದಿನಕ್ಕೆ 10 ಗಂಟೆಗಿಂತ ಜಾಸ್ತಿ ದುಡಿಸಬಾರದು ಅಂತ ನ್ಯೂಯಾರ್ಕ್ ಕಾನೂನು ಮಾಡಿತ್ತು. 1905ರಲ್ಲಿ ಅದನ್ನು ಹೊಡೆದು ಹಾಕಿದರು. ಎಷ್ಟು ಹೊತ್ತು ದುಡಿಯಬೇಕು ಅನ್ನುವುದು ಮಾಲೀಕ ಮತ್ತು ಆಳಿನ ನಡುವಿನ ಕರಾರು, ಸರ್ಕಾರ ಕೈ ಹಾಕಬಾರದು ಅಂದರು. ಮಕ್ಕಳ ದುಡಿಮೆ ತಡೆಯಲು 1916ರಲ್ಲಿ ಬಂದ ಕಾನೂನನ್ನೂ 1918ರಲ್ಲಿ ರದ್ದು ಮಾಡಿದರು. ಈಗ ನಮಗೆ ಸಾಮಾನ್ಯ ಬುದ್ಧಿ ಅನ್ನಿಸುವುದು ಆಗ ಜಗಳದ ವಿಷಯ ಆಗಿತ್ತು.

ಕಾರ್ತಿಕ್ (ಟೆಕ್ಸಸ್): ಅಕ್ಕಾ, ಅರ್ಧ ಕಥೆ ಹೇಳಬೇಡ. ಇದೇ ಪ್ರಗತಿಪರರ ಕಾಲದಲ್ಲಿ ವುಡ್ರೋ ವಿಲ್ಸನ್ ಅಧ್ಯಕ್ಷರಾಗಿ ಬಂದಾಗ ಸರ್ಕಾರಿ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸಿದರು. ಮತ್ತೆ ಬಲವಂತದ ಸಂತಾನಹರಣ? 1907ರಲ್ಲಿ ಇಂಡಿಯಾನ ಶುರು ಮಾಡಿತು. 1927ರಲ್ಲಿ ವರ್ಜೀನಿಯಾದ ಕ್ಯಾರಿ ಬಕ್ ಅನ್ನುವ ಬಡ ಹುಡುಗಿಗೆ ಅದನ್ನು ಮಾಡಬಹುದು ಅಂತ ಸುಪ್ರೀಂ ಕೋರ್ಟ್ 8–1 ತೀರ್ಪು ಕೊಟ್ಟಿತು. ಆ ಎಂಟು ನ್ಯಾಯಾಧೀಶರಲ್ಲಿ ಲೂಯಿಸ್ ಬ್ರಾಂಡೈಸ್ ಇದ್ದರು. ಕೆಲಸದ ಗಂಟೆಗೆ ಮಿತಿ ಬೇಕು ಅಂತ ವಾದಿಸಿದ ನಿಮ್ಮ ದೊಡ್ಡ ಪ್ರಗತಿಪರ ವಕೀಲ. ಒಪ್ಪದ ಒಬ್ಬರು ಯಾರು ಗೊತ್ತಾ? ಪಿಯರ್ಸ್ ಬಟ್ಲರ್. ಪಕ್ಕಾ ಸಂಪ್ರದಾಯವಾದಿ.

ಶ್ರೀನಿವಾಸ ದೊಡ್ಡಪ್ಪ: ನೋಡು! ಇದಕ್ಕೇನು ಹೇಳುತ್ತೀಯ?

ಕಾರ್ತಿಕ್ (ಟೆಕ್ಸಸ್): ನನ್ನ ಮಾತು ಇಷ್ಟೇ. ‘ತಜ್ಞರಿಗೆ ಗೊತ್ತು, ಅವರು ಹೇಳಿದಂತೆ ಸಮಾಜ ತಿದ್ದೋಣ’ ಅನ್ನುವುದು ಈ ರಾಜಕೀಯದ ಬೇರಿನಲ್ಲೇ ಇದೆ. ಆಗ ದೇಶದಲ್ಲೆಲ್ಲ ತಂದ ಮದ್ಯ ನಿಷೇಧವೂ ಅದೇ, ಸಂತಾನಹರಣವೂ ಅದೇ. ಕೆಲವು ಒಳ್ಳೆಯ ಕಾನೂನು ಕೊಟ್ಟರು ಅಂತ ಅದನ್ನು ಮರೆಯಬೇಕಾ?

ಬೆಳಗ್ಗೆ 9:15

ವಿದ್ಯಾ: ಮರೆಯಬಾರದು. ಕ್ಯಾರಿ ಬಕ್ ಕೇಸು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆದರೆ ಎರಡನ್ನೂ ಒಂದೇ ಬೇರು ಅನ್ನಬೇಡ ಕಣೋ. ಅಲ್ಲೇ ನನ್ನ ತಕರಾರು ಇರುವುದು. ಬೆಂಕಿಯ ನಂತರ ನ್ಯೂಯಾರ್ಕ್‌ನಲ್ಲಿ ಏನು ಮಾಡಿದರು ಕೇಳು.

ವಿದ್ಯಾ: ಬೆಂಕಿ ಬಿದ್ದಾಗ ಫ್ರಾನ್ಸೆಸ್ ಪರ್ಕಿನ್ಸ್ ಅನ್ನುವ ಸಮಾಜ ಸೇವಕಿ ಹತ್ತಿರದಲ್ಲೇ ಗೆಳತಿಯ ಮನೆಯಲ್ಲಿ ಚಹಾಕ್ಕೆ ಬಂದಿದ್ದರು. ಓಡಿ ಬಂದು, ಹುಡುಗಿಯರು ಕಿಟಕಿಯಿಂದ ಬೀಳುವುದನ್ನು ಕಣ್ಣಾರೆ ನೋಡಿದರು. ರಾಜ್ಯ ಒಂದು ತನಿಖಾ ಕಮಿಷನ್ ಮಾಡಿತು. ರಾಬರ್ಟ್ ವ್ಯಾಗ್ನರ್ ಅಧ್ಯಕ್ಷ, ಅಲ್ ಸ್ಮಿತ್ ಉಪಾಧ್ಯಕ್ಷ. ಇಬ್ಬರೂ ರಾಜಕಾರಣಿಗಳು. ಪರ್ಕಿನ್ಸ್ ಈ ಇಬ್ಬರನ್ನೂ ಕಚೇರಿಯಲ್ಲಿ ಕೂರಲು ಬಿಡಲಿಲ್ಲ. ಫ್ಯಾಕ್ಟರಿಗಳಿಗೆ ಎಳೆದುಕೊಂಡು ಹೋದರು. ಒಂದು ಕಡೆ ‘ಬೆಂಕಿ ಬಿದ್ದರೆ ಇಲ್ಲಿಂದ ಹೊರಗೆ’ ಅಂತ ಬರೆದಿದ್ದ ಸಣ್ಣ ಕಿಂಡಿ ಇತ್ತು. ಹೊರಗೆ ಏಣಿಗೆ ಮಂಜುಗಡ್ಡೆ ಕಟ್ಟಿತ್ತು. ವ್ಯಾಗ್ನರ್ ಸಾಹೇಬರನ್ನು ಆ ಕಿಂಡಿಯಲ್ಲಿ ತೆವಳಿಸಿದರು. ಕೆಲಸಗಾರರು ಬಂದು ಸಾಕ್ಷಿ ಹೇಳಿದರು. ಆಮೇಲೆ ಒಂದರ ಹಿಂದೆ ಒಂದು ಕಾನೂನು ಬಂದವು: ಹೊರಗೆ ಹೋಗುವ ದಾರಿ, ಬೆಂಕಿ ಅಭ್ಯಾಸ, ನೀರು ಚಿಮ್ಮುವ ಕೊಳವೆ, ಇನ್‌ಸ್ಪೆಕ್ಟರ್‌ಗಳು.

ವಿದ್ಯಾ: ಇಲ್ಲಿ ಕಷ್ಟ ಪಟ್ಟವರು ಎದುರಿಗೆ ನಿಂತು ಮಾತಾಡಿದ್ದರು. ಕ್ಯಾರಿ ಬಕ್ ವಿಷಯದಲ್ಲಿ ಅವಳ ಮಾತಿಗೆ ಬೆಲೆಯೇ ಇರಲಿಲ್ಲ, ಉಳಿದವರೆಲ್ಲ ಅವಳ ಬಗ್ಗೆ ತೀರ್ಮಾನ ಮಾಡಿದರು. ಯಾರ ಮೇಲೆ ಕಾನೂನು ಬೀಳುತ್ತದೋ ಅವರನ್ನು ಕೇಳಿದಾಗ ಈ ರಾಜಕೀಯ ದೊಡ್ಡ ಕೆಲಸ ಮಾಡಿತು. ಕೇಳದಾಗ ಕ್ರೂರವಾಯಿತು. ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕೇಸು ನೋಡುವವಳು ನಾನು. ಈ ವ್ಯತ್ಯಾಸ ನನಗೆ ಸಣ್ಣದಲ್ಲ.

ಕಾರ್ತಿಕ್ (ಟೆಕ್ಸಸ್): ಹಾಗಾದರೆ 1930ರ ದಶಕದಲ್ಲಿ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಲ್ಲಿ, ಎಲ್ಲರನ್ನೂ ಕೇಳಿದ್ದರಾ?

ವಿದ್ಯಾ: ಇಲ್ಲ. ಅದನ್ನೂ ಹೇಳುತ್ತೇನೆ. 1933ರಲ್ಲಿ ಪರ್ಕಿನ್ಸ್ ಕಾರ್ಮಿಕ ಮಂತ್ರಿ ಆದರು. ಅಮೆರಿಕದ ಮೊದಲ ಮಹಿಳಾ ಮಂತ್ರಿ. ಹುದ್ದೆ ಒಪ್ಪುವ ಮೊದಲೇ ರೂಸ್‌ವೆಲ್ಟ್ ಎದುರು ಒಂದು ಪಟ್ಟಿ ಇಟ್ಟರು: ಕನಿಷ್ಠ ಕೂಲಿ, ಕೆಲಸದ ಗಂಟೆಗೆ ಮಿತಿ, ಮುದುಕರಿಗೆ ಪಿಂಚಣಿ, ಕೆಲಸ ಹೋದವರಿಗೆ ನೆರವು, ಮಕ್ಕಳ ದುಡಿಮೆಗೆ ತಡೆ, ಆರೋಗ್ಯ ವಿಮೆ. ಕೊನೆಯದು ಬಿಟ್ಟು ಮಿಕ್ಕಿದ್ದೆಲ್ಲ ಬಂದವು. 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರದ ಪಿಂಚಣಿ ಯೋಜನೆ. 1938ರಲ್ಲಿ ಕನಿಷ್ಠ ಕೂಲಿ, ಗಂಟೆಗೆ 25 ಸೆಂಟ್. ಆದರೆ ಹೊಲದ ಕೂಲಿಗಳು, ಮನೆಗೆಲಸದವರು ಎರಡರಿಂದಲೂ ಹೊರಗೆ ಉಳಿದರು. ದಕ್ಷಿಣದ ಕಪ್ಪು ಜನರಲ್ಲಿ ಹೆಚ್ಚಿನವರು ಮಾಡುತ್ತಿದ್ದ ಕೆಲಸ ಅದೇ. ಅಲ್ಲಿ ಅವರಿಗೆ ಮತ ಹಾಕಲು ಬಿಡುತ್ತಿರಲಿಲ್ಲ. ಮತ ಇಲ್ಲದವರ ಪರ ವಾಷಿಂಗ್ಟನ್‌ನಲ್ಲಿ ಯಾರು ಮಾತಾಡಬೇಕು? ಸೋಷಿಯಲ್ ಸೆಕ್ಯುರಿಟಿಗೆ ಅವರನ್ನು ಸೇರಿಸಿಕೊಳ್ಳಲು 1950ರ ದಶಕ ಬರಬೇಕಾಯಿತು.

ಶ್ರೀನಿವಾಸ ದೊಡ್ಡಪ್ಪ: ಸರಿ, ಇದರಿಂದ ನಮಗೇನು?

ವಿದ್ಯಾ: ನಮಗೂ ಸಂಬಂಧ ಇದೆ ದೊಡ್ಡಪ್ಪ. ಆ ಕಮಿಷನ್ ಇನ್ನೂ ಕೆಲಸ ಮಾಡುತ್ತಿದ್ದಾಗಲೇ ಅಂಬೇಡ್ಕರ್ ಅದೇ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದರು, 1913ರಿಂದ 1916ರವರೆಗೆ ಅಲ್ಲಿ ಓದಿದರು. ತತ್ವಜ್ಞಾನಿ ಜಾನ್ ಡ್ಯೂಯಿ ಮತ್ತು ಆದಾಯ ತೆರಿಗೆಯ ಪರ ಬರೆದ ಅರ್ಥಶಾಸ್ತ್ರಜ್ಞ ಸೆಲಿಗ್ಮನ್ ಅಂಬೇಡ್ಕರ್ ಅವರ ಗುರುಗಳು. ಮುಂದೆ ವೈಸ್‌ರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ಹಿಡಿದಾಗ, 1946ರಲ್ಲಿ ಫ್ಯಾಕ್ಟರಿ ಕೆಲಸವನ್ನು ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಸುವ ಮಸೂದೆ ತಂದರು. ಅದರಿಂದಲೇ ಇದು ಬಂತು ಅಂತ ಹೇಳುತ್ತಿಲ್ಲ. ಆ ಊರಿನ ಗಾಳಿಯಲ್ಲಿ ಈ ಮಾತು ಇತ್ತು, ಅಷ್ಟೇ.

ಸುಧಾ ಚಿಕ್ಕಮ್ಮ: ಅಂಬೇಡ್ಕರ್ ಗಂಟೆ ಇಳಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಕಾರ್ತಿಕ್, ಆ ಸೋಷಿಯಲ್ ಸೆಕ್ಯುರಿಟಿ ಪುಕ್ಕಟೆಯೇನೋ?

ಕಾರ್ತಿಕ್ (ಟೆಕ್ಸಸ್): ಇಲ್ಲ ಚಿಕ್ಕಮ್ಮ. ಸಂಬಳದಲ್ಲಿ ನೂರಕ್ಕೆ 6.2 ಕತ್ತರಿಸುತ್ತಾರೆ. ಕಂಪನಿಯೂ ಅಷ್ಟೇ ಹಾಕುತ್ತದೆ. ವಿಡಿಯೋದ ‘ಪುಕ್ಕಟೆ’ ಮಾತು ಇಲ್ಲಿ ನಿಲ್ಲುವುದಿಲ್ಲ, ಒಪ್ಪಿದೆ. ಆದರೆ ಪಿಂಚಣಿ ಸಿಗಬೇಕಾದರೆ ಸುಮಾರು ಹತ್ತು ವರ್ಷ ಕಟ್ಟಿರಬೇಕು. ಎಚ್‌1ಬಿ ವೀಸಾದಲ್ಲಿ ಬಂದು ಆರು ವರ್ಷಕ್ಕೆ ಬೆಂಗಳೂರಿಗೆ ವಾಪಸ್ ಹೋದವರಿಗೆ ಕಟ್ಟಿದ್ದು ಹೋಯಿತು, ಅಷ್ಟೇ. ಜರ್ಮನಿ, ಜಪಾನ್ ಜೊತೆ ಎರಡೂ ದೇಶದ ವರ್ಷಗಳನ್ನು ಕೂಡಿಸುವ ಒಪ್ಪಂದ ಇದೆ. ಭಾರತದ ಜೊತೆ ಇಲ್ಲ.

ಶ್ರೀನಿವಾಸ ದೊಡ್ಡಪ್ಪ: ಇದು ಅನ್ಯಾಯ. ಯಾಕೆ ಮಾಡಿಲ್ಲ?

ವಿದ್ಯಾ: ವೀಸಾದಲ್ಲಿ ಇರುವವರಿಗೆ ಅಲ್ಲಿ ಮತ ಇಲ್ಲ ದೊಡ್ಡಪ್ಪ. ಅವರ ಸಲುವಾಗಿ ಚುನಾವಣೆ ಸೋಲುವ ಭಯ ಯಾರಿಗೂ ಇಲ್ಲ. ನಾನು ಬೆಳಗ್ಗೆಯಿಂದ ಹೇಳುತ್ತಿರುವುದೂ ಇದನ್ನೇ.

ಕಾರ್ತಿಕ್ (ಟೆಕ್ಸಸ್): ಅಷ್ಟು ಸರಳ ಅಲ್ಲ ಅಕ್ಕ. ಜಪಾನಿನವರಿಗೂ ಇಲ್ಲಿ ಮತ ಇಲ್ಲ.

ವಿದ್ಯಾ: ಜಪಾನಿನವರ ಪರ ಅವರ ಸರ್ಕಾರ ಮೇಜಿನ ಎದುರು ಕೂತು ಮಾತಾಡಿತು. ನಮ್ಮ ಸರ್ಕಾರವೂ ಕೇಳುತ್ತಲೇ ಇದೆ. ಇನ್ನೂ ಜೋರಾಗಿ ಕೇಳಬೇಕು.

ಶ್ರೀನಿವಾಸ ದೊಡ್ಡಪ್ಪ: ಅದಕ್ಕೆ ನನ್ನ ಸಹಮತ ಇದೆ. ಆದರೆ ತೆರಿಗೆ ಜಾಸ್ತಿ ಮಾಡಿದವರು ಇವರೇ ಅನ್ನುವ ಮಾತು ನಾನು ಬಿಡುವುದಿಲ್ಲ. 1913ರಲ್ಲಿ ಸಂವಿಧಾನ ತಿದ್ದಿ ಆದಾಯ ತೆರಿಗೆ ತಂದರಲ್ಲ, ಅದನ್ನು ನಾಳೆ ಮಾತಾಡೋಣ.

ವಿದ್ಯಾ: ಖಂಡಿತ. ಅದಕ್ಕೆ ಮೊದಲು ಆ ಸರ್ಕಾರ ದುಡ್ಡು ಎಲ್ಲಿಂದ ತರುತ್ತಿತ್ತು ಅಂತ ನೋಡಿಕೊಂಡು ಬನ್ನಿ. ಹೆಚ್ಚಿನದು ಆಮದು ಸುಂಕ, ಮದ್ಯ ಮತ್ತು ತಂಬಾಕಿನ ಮೇಲಿನ ತೆರಿಗೆ. ಒಂದು ಪೌಂಡ್ ಸಕ್ಕರೆಗೆ ಎಣ್ಣೆ ಕುಬೇರ ರಾಕ್‌ಫೆಲ್ಲರ್ ಕೊಟ್ಟಷ್ಟೇ ಸುಂಕವನ್ನು ಹೊಲಿಗೆ ಹುಡುಗಿಯೂ ಕೊಡುತ್ತಿದ್ದಳು.

ಕಾರ್ತಿಕ್ (ಟೆಕ್ಸಸ್): ನಾಳೆ ನಾನು ದೊಡ್ಡಪ್ಪನ ಕಡೆ. ಆದಾಯ ತೆರಿಗೆ ಬಂದು ಮದ್ಯದ ದುಡ್ಡು ಬೇಡವಾದ ಮೇಲೆ ತಾನೇ ಮದ್ಯ ನಿಷೇಧ ಮಾಡಲು ಧೈರ್ಯ ಬಂದದ್ದು? ಅದಕ್ಕೂ ಉತ್ತರ ತಯಾರಿ ಮಾಡಿಕೋ ಅಕ್ಕ.